ಓದುಗರ ಪ್ರಶ್ನೆ: ಶೇರು ಏರಿದ್ರೂ ಕಾಲ್ ಆಪ್ಷನ್ ಇಳಿದಿದ್ಯಾಕೆ?

ಪ್ರಶ್ನೆ: ಒಂದು ಕಂಪನಿಯ ರಿಸಲ್ಟ್ ಬರೋ ಹಿಂದಿನ ದಿನ 1000 ಸ್ಟ್ರೈಕಿನ ಕಾಲ್ ಆಪ್ಷನ್ (ಎಕ್ಸ್‌ಪೈರಿ ಅನ್ನೋ ಗೊತ್ತಾದ ಕೊನೇ ದಿನಕ್ಕೆ, ಸ್ಟ್ರೈಕ್ ಅಂದ್ರೆ ಮೊದಲೇ ನಿಗದಿಯಾದ 1000ದ ಬೆಲೆಗೆ ಶೇರು ಕೊಳ್ಳೋ ಹಕ್ಕು) 40ಕ್ಕೆ ತಗೊಂಡೆ. ಶೇರು ಆಗ 1000ದಲ್ಲೇ ಇತ್ತು, ಎಕ್ಸ್‌ಪೈರಿಗೆ ಹತ್ತು ದಿನ ಬಾಕಿ. ರಿಸಲ್ಟ್ ಚೆನ್ನಾಗೇ ಬಂತು, ಮಾರನೇ ದಿನ ಶೇರು 1020 ಆಯ್ತು, ಆದ್ರೆ ನನ್ನ ಕಾಲ್ 31ಕ್ಕೆ ಇಳಿದಿತ್ತು. ನಾನು ಹೇಳಿದ ಕಡೆಗೇ ಶೇರು ಹೋಗಿದೆ, ಆದ್ರೂ ಲಾಸ್. ಏನಾದ್ರೂ ಮೋಸ ಆಗಿದ್ಯಾ?

ಉತ್ತರ: ಮೋಸ ಆಗಿಲ್ಲ, ಲೆಕ್ಕ ಸರಿಯಾಗೇ ಇದೆ. ಈ ಪ್ರಶ್ನೆಗೆ ಸ್ವಲ್ಪ ಉದ್ದವಾಗೇ ಉತ್ತರ ಬರೀತೀನಿ, ಯಾಕಂದ್ರೆ ಆಪ್ಷನ್ ಶುರು ಮಾಡಿದ ಬಹಳಷ್ಟು ಜನ ದುಡ್ಡು ಕಳ್ಕೊಳ್ಳೋದು ಇದೇ ಜಾಗದಲ್ಲಿ, ಮತ್ತೆ ಯಾಕೆ ಹೋಯ್ತು ಅಂತ ಗೊತ್ತಾಗದೇ ಇನ್ನೊಂದು ಸಲ ಅದನ್ನೇ ಮಾಡ್ತಾರೆ.

ನೀವು 40 ಕೊಟ್ರಲ್ಲ, ಆಗ ಶೇರು 1000, ಸ್ಟ್ರೈಕೂ 1000, ಅಂದ್ರೆ ಆ ಕ್ಷಣಕ್ಕೆ ಆ ಆಪ್ಷನ್ನಿನ ನಿಜವಾದ ಒಳಬೆಲೆ ಸೊನ್ನೆ. ಪೂರ್ತಿ 40 ನೀವು ಕೊಟ್ಟಿದ್ದು 'ಮುಂದೆ ಏನೋ ದೊಡ್ಡದು ಆಗಬಹುದು' ಅನ್ನೋ ಸಾಧ್ಯತೆಗೆ. ಆ ಸಾಧ್ಯತೆಗೆ ಮಾರ್ಕೆಟ್ ಎಷ್ಟು ಬೆಲೆ ಕಟ್ಟಿದೆ ಅನ್ನೋದನ್ನ ಶೇಕಡಾದಲ್ಲಿ ಹೇಳೋ ಸಂಖ್ಯೆನೇ ಇಂಪ್ಲೈಡ್ ವೋಲಟಿಲಿಟಿ (ವೋಲಟಿಲಿಟಿ ಅಂದ್ರೆ ಬೆಲೆ ಓಲಾಡೋ ಪ್ರಮಾಣ), ಎಲ್ಲರೂ ಐವಿ ಅಂತಾರೆ. ನೀವು ಕೊಟ್ಟಿರೋ ಅಂಕಿಗಳನ್ನ ಹಾಕಿ ನೋಡಿದ್ರೆ ಖರೀದಿ ದಿನ ಐವಿ ಸುಮಾರು 60 ಇತ್ತು, ರಿಸಲ್ಟ್ ಆದ ಮೇಲೆ 30ರ ಹತ್ರ ಬಂದಿದೆ, ಅರ್ಧಕ್ಕರ್ಧ. ಯಾಕೆ ಅಂದ್ರೆ ರಿಸಲ್ಟ್ ಅನ್ನೋ ಗೊತ್ತಿಲ್ಲದ ವಿಷಯ ಈಗ ಗೊತ್ತಾಗಿಬಿಟ್ಟಿದೆ, ಕಾಯೋದಕ್ಕೆ ಏನೂ ಉಳಿದಿಲ್ಲ, ಹಾಗಾಗಿ ಅದಕ್ಕಂತ ಕೊಡ್ತಿದ್ದ ಹೆಚ್ಚುವರಿ ಪ್ರೀಮಿಯಂ (ಆಪ್ಷನ್ನಿಗೆ ಕೊಡೋ ಬೆಲೆ) ಒಂದೇ ರಾತ್ರಿಯಲ್ಲಿ ಕರಗಿ ಹೋಗತ್ತೆ. ಟ್ರೇಡರ್‌ಗಳು ಇದಕ್ಕೆ ಐವಿ ಕ್ರಶ್ ಅಂತಾರೆ.

ಐವಿ 60ರಲ್ಲೇ ನಿಂತಿದ್ರೆ, ಒಂದು ದಿನ ಕಳೆದು ಶೇರು 1020 ಆದಾಗ ನಿಮ್ಮ ಕಾಲ್ ಹೆಚ್ಚುಕಮ್ಮಿ 49 ಆಗಿರ್ತಿತ್ತು. ಸಿಕ್ಕಿದ್ದು 31. ಮಧ್ಯದ 18 ಹೋಗಿದ್ದು ಐವಿಯಿಂದ ಮಾತ್ರ. ಬರೀ ಹಾಕಿದ ದುಡ್ಡು ವಾಪಸ್ ಬರಬೇಕಿದ್ರೂ ಶೇರು ಮಾರನೇ ದಿನವೇ 1033ರ ಹತ್ರ ಹೋಗಬೇಕಿತ್ತು.

ಇದನ್ನ ಖರೀದಿಗೆ ಮುಂಚೆನೇ ತಿಳ್ಕೊಳ್ಳೋಕೆ ಸುಲಭದ ದಾರಿ ಇದೆ. ಶೇರಿನ ಬೆಲೆಗೆ ಹತ್ರ ಇರೋ ಸ್ಟ್ರೈಕಲ್ಲಿ ಕಾಲ್ ಪ್ರೀಮಿಯಂ, ಪುಟ್ (ಸ್ಟ್ರೈಕ್ ಬೆಲೆಗೆ ಶೇರು ಮಾರೋ ಹಕ್ಕು) ಪ್ರೀಮಿಯಂ ಎರಡೂ ಕೂಡಿಸಿ. ನಿಮ್ಮ ವಿಷಯದಲ್ಲಿ 40 ಮತ್ತು 40, ಒಟ್ಟು 80, ಅಂದ್ರೆ ಶೇರಿನ ಬೆಲೆಯ ಶೇ. 8. ಎಕ್ಸ್‌ಪೈರಿ ಒಳಗೆ ಮೇಲಕ್ಕೋ ಕೆಳಕ್ಕೋ ಅಷ್ಟು ಓಡಾಟ ಇರಬಹುದು ಅಂತ ಮಾರ್ಕೆಟ್ ಆಗಲೇ ಬೆಲೆ ಕಟ್ಟಿ ಕೂತಿತ್ತು, ಶೇರು ಓಡಿದ್ದು ಶೇ. 2. ದಿಕ್ಕು ನೀವು ಸರಿಯಾಗಿ ಹೇಳಿದ್ರಿ, ಆದ್ರೆ ಕಾಲ್ ತಗೊಂಡವರು ದಿಕ್ಕಿನ ಜೊತೆಗೆ ಓಡಾಟದ ಪ್ರಮಾಣವನ್ನೂ ತಗೊಂಡಿರ್ತಾರೆ, ಆ ಎರಡನೇದನ್ನ ನೀವು ಬಹಳ ದುಬಾರಿಗೆ ತಗೊಂಡ್ರಿ. ಏರತ್ತೆ ಅನ್ನೋ ನಂಬಿಕೆ ಇದ್ದು ಐವಿ ಇಷ್ಟು ಉಬ್ಬಿದ್ರೆ, 1000ದ ಕಾಲ್ ತಗೊಂಡು 1040ರ ಕಾಲ್ ಮಾರಿ ಸ್ಪ್ರೆಡ್ ಮಾಡ್ಕೊಳ್ಳಿ. ಲಾಭಕ್ಕೆ ಮಿತಿ ಬೀಳತ್ತೆ ನಿಜ, ಆದ್ರೆ ಮಾರಿದ ಕಾಲ್‌ನ ಐವಿಯೂ ಜೊತೆಗೇ ಇಳಿಯೋದ್ರಿಂದ ಪೆಟ್ಟು ತುಂಬಾ ಕಮ್ಮಿ ಆಗತ್ತೆ.

ಪ್ರಶ್ನೆ: ಈ ಐವಿನ ಯಾರು ನಿಗದಿ ಮಾಡ್ತಾರೆ? ಎಕ್ಸ್‌ಚೇಂಜಾ? ಐವಿ ಏರಿದ್ದಕ್ಕೆ ಪ್ರೀಮಿಯಂ ಏರತ್ತಾ, ಪ್ರೀಮಿಯಂ ಏರಿದ್ದಕ್ಕೆ ಐವಿ ಏರತ್ತಾ?

ಉತ್ತರ: ಯಾರೂ ನಿಗದಿ ಮಾಡಲ್ಲ. ಮೊದಲು ಬರೋದು ಪ್ರೀಮಿಯಂ, ಅದು ಕೊಳ್ಳೋರು ಮಾರೋರ ಮಧ್ಯೆ ಹುಟ್ಟೋ ಬೆಲೆ. ಐವಿ ಅದ್ರಿಂದ ಹಿಂದಕ್ಕೆ ಲೆಕ್ಕ ಹಾಕಿ ತೆಗೆಯೋದು.

1973ರಲ್ಲಿ ಫಿಷರ್ ಬ್ಲ್ಯಾಕ್ ಮತ್ತು ಮೈರನ್ ಶೋಲ್ಸ್ ಆಪ್ಷನ್ ಬೆಲೆಯ ಸೂತ್ರ ಪ್ರಕಟಿಸಿದ್ರು, ರಾಬರ್ಟ್ ಮರ್ಟನ್ ಅದೇ ವರ್ಷ ಅದನ್ನ ಇನ್ನಷ್ಟು ಬೆಳೆಸಿದ್ರು. (1997ರಲ್ಲಿ ಶೋಲ್ಸ್, ಮರ್ಟನ್ ಇಬ್ಬರಿಗೂ ಅರ್ಥಶಾಸ್ತ್ರದ ನೊಬೆಲ್ ಬಂತು, ಬ್ಲ್ಯಾಕ್ 1995ರಲ್ಲೇ ತೀರಿಕೊಂಡಿದ್ರು, ಅವರಿಗೆ ಸಿಗಲಿಲ್ಲ ಅನ್ನೋದು ನನಗೆ ಈಗಲೂ ಬೇಜಾರಿನ ವಿಷಯ.) ಆ ಸೂತ್ರಕ್ಕೆ ಬೇಕಾಗಿರೋದು ಶೇರಿನ ಬೆಲೆ, ಸ್ಟ್ರೈಕ್, ಉಳಿದಿರೋ ಸಮಯ, ಬಡ್ಡಿ ದರ, ಮತ್ತೆ ಮುಂದೆ ಶೇರು ಎಷ್ಟು ಓಲಾಡತ್ತೆ ಅನ್ನೋ ವೋಲಟಿಲಿಟಿ. ಮೊದಲ ನಾಲ್ಕೂ ಕಣ್ಣೆದುರಿಗೇ ಇರತ್ತೆ, ಐದನೇದು ಯಾರ ಕೈಯಲ್ಲೂ ಇಲ್ಲ. ಆದ್ರೆ ಆಪ್ಷನ್ ಯಾವ ಬೆಲೆಗೆ ವ್ಯಾಪಾರ ಆಗ್ತಿದೆ ಅಂತ ಗೊತ್ತಿದ್ಯಲ್ಲ, ಹಾಗಾಗಿ 'ಎಷ್ಟು ವೋಲಟಿಲಿಟಿ ಹಾಕಿದ್ರೆ ಸೂತ್ರದ ಉತ್ತರ ಈ ಬೆಲೆಗೆ ಸರಿಹೊಂದತ್ತೆ' ಅಂತ ಕಂಪ್ಯೂಟರ್ ಹಾಕಿ ಹಾಕಿ ನೋಡತ್ತೆ. ಶೇರು 1000, ಸ್ಟ್ರೈಕ್ 1000, ಮೂವತ್ತು ದಿನ ಬಾಕಿ ಅಂದ್ಕೊಳ್ಳಿ. ವೋಲಟಿಲಿಟಿ 20 ಹಾಕಿದ್ರೆ ಬೆಲೆ ಸುಮಾರು 23 ಬರತ್ತೆ (ಬಡ್ಡಿ ಬಿಟ್ಟು). ಆದ್ರೆ ಮಾರ್ಕೆಟ್‌ನಲ್ಲಿ 30 ನಡೀತಿದೆ, ಹಾಗಿದ್ರೆ 20 ಸಾಲಲ್ಲ, 26 ಹಾಕಿದಾಗ ಸರಿಹೋಯ್ತು. ಆ 26 ಅನ್ನೋದೇ ಐವಿ.

ಹಾಗಾಗಿ ಐವಿ ಏರಿದ್ದಕ್ಕೆ ಪ್ರೀಮಿಯಂ ಏರಿತು ಅಂತ ನಾವು ಆಡೋ ಮಾತು ಅಭ್ಯಾಸಬಲ ಅಷ್ಟೇ, ನಿಜವಾಗಿ ಜನ ಜಾಸ್ತಿ ಬೆಲೆ ಕೊಟ್ಟು ಆಪ್ಷನ್ ತಗೊಳ್ತಿದಾರೆ ಅನ್ನೋದೇ ಎರಡು ರೂಪದಲ್ಲಿ ಕಾಣ್ತಿರತ್ತೆ. ಇನ್ನೊಂದು, ಐವಿಗೆ ದಿಕ್ಕಿಲ್ಲ. ಐವಿ ಜಾಸ್ತಿ ಅಂದ್ರೆ ಶೇರು ಬೀಳತ್ತೆ ಅಂತಲೂ ಅಲ್ಲ, ಏರತ್ತೆ ಅಂತಲೂ ಅಲ್ಲ.

ಪ್ರಶ್ನೆ: ಐವಿ 24 ಅಂತ ತೋರಿಸಿದ್ರೆ ದಿನದ ಲೆಕ್ಕದಲ್ಲಿ ಏನರ್ಥ?

ಉತ್ತರ: 16ರಿಂದ ಭಾಗಿಸಿ. 24 ಭಾಗಿಸು 16, ಒಂದೂವರೆ. ಮೂರು ದಿನದಲ್ಲಿ ಎರಡು ದಿನ ಶೇರು ಶೇ. 1.5ರ ಒಳಗೇ ಆಡತ್ತೆ, ಉಳಿದ ದಿನ ಅದನ್ನ ಮೀರಬಹುದು ಅನ್ನೋ ಅಂದಾಜಿನ ಮೇಲೆ ಬೆಲೆ ಕಟ್ಟಿದಾರೆ ಅಂತ ಅರ್ಥ. ಐವಿ ಇರೋದು ವರ್ಷದ ಲೆಕ್ಕದಲ್ಲಿ, ವರ್ಷಕ್ಕೆ ಸುಮಾರು 252 ಟ್ರೇಡಿಂಗ್ ದಿನ, ಅದರ ವರ್ಗಮೂಲ 16ಕ್ಕೆ ಹತ್ರ, ಅದಕ್ಕೇ 16.

ಪ್ರಶ್ನೆ: ಒಂದು ಶೇರಿನ ಐವಿ 20, ಇನ್ನೊಂದರದ್ದು 45. 20 ಇರೋದೇ ಅಗ್ಗ ತಾನೇ?

ಉತ್ತರ: ಹಾಗೆ ಹೇಳೋಕಾಗಲ್ಲ. ಮೊದಲನೇ ಶೇರಿನ ಐವಿ ವರ್ಷವಿಡೀ 12ರಿಂದ 22ರ ಮಧ್ಯೆ ಇತ್ತು ಅಂದ್ರೆ ಈಗಿನ 20 ಮೇಲಿನ ತುದಿಗೆ ಬಂದಿದೆ. ಎರಡನೇದು 40ರಿಂದ 90ರವರೆಗೆ ಹೋಗಿ ಬಂದಿದ್ರೆ 45 ಅನ್ನೋದು ಅದಕ್ಕೆ ತಳದ ಹತ್ರ. ಐವಿ ರ‍್ಯಾಂಕ್ ಅಂತ ತೋರಿಸೋದು ಇದನ್ನೇ, ವರ್ಷದ ಕನಿಷ್ಠದಿಂದ ಗರಿಷ್ಠದವರೆಗಿನ ದಾರಿಯಲ್ಲಿ ಈಗ ಶೇಕಡಾ ಎಷ್ಟು ಮೇಲೆ ಇದೆ ಅಂತ, ಮೊದಲನೇದಕ್ಕೆ 80, ಎರಡನೇದಕ್ಕೆ 10 ಬರತ್ತೆ. ಅದರ ಜೊತೆಗೆ ಕಳೆದ ಒಂದು ತಿಂಗಳಲ್ಲಿ ಶೇರು ನಿಜವಾಗಿ ಎಷ್ಟು ಓಲಾಡಿದೆ ಅನ್ನೋದನ್ನೂ ನೋಡಿ, ನನ್ನ ಮಟ್ಟಿಗೆ ರ‍್ಯಾಂಕ್‌ಗಿಂತ ಅದೇ ಮುಖ್ಯ, ಯಾಕಂದ್ರೆ ಐವಿ 30 ಇದ್ದು ಶೇರು ನಿಜವಾಗಿ ವರ್ಷದ ಲೆಕ್ಕದಲ್ಲಿ 15ರಷ್ಟು ಮಾತ್ರ ಆಡ್ತಿದ್ರೆ, ಮುಂದೆ ಯಾವ ದೊಡ್ಡ ಸುದ್ದಿಯೂ ಇಲ್ಲದಿದ್ರೆ, ಕೊಳ್ಳೋರು ಜಾಸ್ತಿ ಕೊಡ್ತಿದಾರೆ ಅಂತಲೇ ತಿಳ್ಕೋಬೇಕು.

ಪ್ರಶ್ನೆ: ಇಂಡೆಕ್ಸ್ ಆಪ್ಷನ್ ಚೈನ್ (ಒಂದು ಸೂಚ್ಯಂಕದ ಎಲ್ಲಾ ಸ್ಟ್ರೈಕಿನ ಆಪ್ಷನ್‌ಗಳ ಪಟ್ಟಿ) ನೋಡಿದ್ರೆ ಕೆಳಗಿನ ಸ್ಟ್ರೈಕಿನ ಪುಟ್‌ಗಳ ಐವಿ ಯಾವಾಗಲೂ ಜಾಸ್ತಿ. ಒಂದೇ ಇಂಡೆಕ್ಸಿಗೆ ಹತ್ತು ಥರದ ಐವಿ ಹೇಗೆ?

ಉತ್ತರ: ಸೂತ್ರದ ಪ್ರಕಾರ ಒಂದೇ ಇರಬೇಕಿತ್ತು, ನಿಜ. 1987ಕ್ಕೆ ಮುಂಚೆ ಹೆಚ್ಚುಕಮ್ಮಿ ಹಾಗೇ ಇತ್ತು ಕೂಡ. ಆ ವರ್ಷ ಅಕ್ಟೋಬರ್ 19ಕ್ಕೆ ಅಮೆರಿಕದ ಡೌ ಜೋನ್ಸ್ ಇಂಡೆಕ್ಸ್ ಒಂದೇ ದಿನ ಶೇ. 22.6 ಬಿತ್ತು, ಸೂತ್ರ ನಂಬಿರೋ ಗಂಟೆಯಾಕಾರದ ಹಂಚಿಕೆಯಲ್ಲಿ ಅಂಥ ದಿನ ಬರೋಕೇ ಸಾಧ್ಯವಿಲ್ಲ ಅನ್ನಬಹುದು. ಅವತ್ತಿಂದ ದೊಡ್ಡ ಕುಸಿತದ ವಿರುದ್ಧ ರಕ್ಷಣೆ ಕೊಡೋ ಪುಟ್‌ಗಳಿಗೆ ಜನ ಜಾಸ್ತಿ ಬೆಲೆ ಕೊಡ್ತಾನೇ ಇದಾರೆ, ಆ ಓರೆಗೆ ಸ್ಕ್ಯೂ ಅಂತ ಹೆಸರು. ಇಂಡೆಕ್ಸ್ ಏರೋವಾಗ ನಿಧಾನಕ್ಕೆ ಏರತ್ತೆ, ಬೀಳೋವಾಗ ದಢಾರ್ ಅಂತ ಬೀಳತ್ತೆ, ಹಾಗಾಗಿ ಇದು ತಪ್ಪು ಬೆಲೆ ಅಂತ ನನಗನ್ಸಲ್ಲ.

ಪ್ರಶ್ನೆ: ಐವಿ ಇಳಿದ್ರೆ ಮಾರಿದವರಿಗೆ ಲಾಭ ಅಂದ್ಮೇಲೆ, ಆಪ್ಷನ್ ಮಾರ್ತಾ ಇದ್ರೇ ಸಾಕಲ್ವಾ?

ಉತ್ತರ: ಬಹಳ ದಿನ ಸಾಕು ಅನ್ಸತ್ತೆ, ಅದೇ ಭಯ. 2018ರ ಫೆಬ್ರವರಿ 5ನ್ನ ನೋಡಿ. ಅಮೆರಿಕದ ಎಸ್ ಆಂಡ್ ಪಿ 500 ಇಂಡೆಕ್ಸಿನ ಐವಿ ಅಳೆಯೋ ವಿಕ್ಸ್ ಹಿಂದಿನ ಟ್ರೇಡಿಂಗ್ ದಿನ 17ರಲ್ಲಿ ಮುಗಿದಿತ್ತು, ಅವತ್ತು 37ರಲ್ಲಿ ಮುಗೀತು. ಇಂಡೆಕ್ಸ್ ಬಿದ್ದಿದ್ದು ಶೇ. 4 ಮಾತ್ರ, ಆದ್ರೆ ವೋಲಟಿಲಿಟಿ ಇಳಿಯತ್ತೆ ಅಂತ ನಂಬಿ ತಿಂಗಳುಗಟ್ಟಲೆ ಚಿಕ್ಕ ಚಿಕ್ಕ ಲಾಭ ಕೂಡಿಸಿದ್ದವರ ಖಾತೆಗಳು ಒಂದೇ ಸಂಜೆಗೆ ಖಾಲಿಯಾದ್ವು. ಮಾರಿದವರಿಗೆ ಸಿಗೋದು ಹೆಚ್ಚಂದ್ರೆ ಪ್ರೀಮಿಯಂ, ಕಾಲ್ ಮಾರಿದ್ರೆ ಹೋಗೋದಕ್ಕೆ ಮಿತಿಯಿಲ್ಲ, ಅದೂ ಅಲ್ಲದೆ ಐವಿ ಹಾರಿದಾಗ ಕೇಳೋ ಮಾರ್ಜಿನ್ನೂ (ಬ್ರೋಕರ್ ಹತ್ರ ಇಡಬೇಕಾದ ಭದ್ರತೆ ಹಣ) ಹಾರತ್ತೆ, ದುಡ್ಡು ಹಾಕೋಕಾಗದೇ ಅತ್ಯಂತ ಕೆಟ್ಟ ಬೆಲೆಗೆ ಪೊಸಿಷನ್ ಮುಚ್ಚಬೇಕಾಗತ್ತೆ. ಮಾರಲೇಬೇಕು ಅಂದ್ರೆ ಇನ್ನೂ ದೂರದ ಸ್ಟ್ರೈಕಲ್ಲಿ ಒಂದು ಆಪ್ಷನ್ ಕೊಂಡು ಇಟ್ಕೊಳ್ಳಿ, ಸಿಗೋ ಪ್ರೀಮಿಯಂ ಸ್ವಲ್ಪ ಕಮ್ಮಿ ಆಗತ್ತೆ, ಆದ್ರೆ ಹೆಚ್ಚಂದ್ರೆ ಎಷ್ಟು ಹೋಗತ್ತೆ ಅನ್ನೋದು ಮೊದಲ ದಿನವೇ ಗೊತ್ತಿರತ್ತೆ.