ಒಂಬತ್ತನೆಯ ಪ್ರಶ್ನೆ

ಹೊಸ ದೇಶಕ್ಕೆ ಬಂದ ಕುಟುಂಬಗಳ ನಡುವೆ ಕೆಲಸ ಮಾಡುವಾಗ ಒಂದೇ ದೃಶ್ಯ ಮತ್ತೆ ಮತ್ತೆ ಎದುರಾಗುತ್ತದೆ. ವೈದ್ಯರ ಮುಂದೆ, ಬ್ಯಾಂಕಿನಲ್ಲಿ, ವೀಸಾ ಕಚೇರಿಯಲ್ಲಿ ಅಪ್ಪ ಅಮ್ಮ ಸುಮ್ಮನೆ ನಿಂತಿರುತ್ತಾರೆ, ಮಗು ಮಾತನಾಡುತ್ತಿರುತ್ತದೆ. ನೋಡಿದವರು ಮೆಚ್ಚಿಕೊಳ್ಳುತ್ತಾರೆ. ನಾನೂ ಬಹಳ ವರ್ಷ ಮೆಚ್ಚಿಕೊಂಡಿದ್ದೆ. ಈ ಪ್ರಕರಣದ ನಂತರ ನನ್ನಿಂದ ಅದು ಆಗುತ್ತಿಲ್ಲ. ತಾಯಿ ಮತ್ತು ಮಗಳ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ.

ಮಗಳಿಗೆ ಹನ್ನೆರಡು ವರ್ಷ. ತರಗತಿಯಲ್ಲಿ ತೂಕಡಿಕೆ, ವೈದ್ಯಕೀಯ ಪರೀಕ್ಷೆಗಳಲ್ಲಿ ಕಾರಣ ಸಿಗದ ಹೊಟ್ಟೆನೋವು. ಶಾಲೆಯವರೇ ನನ್ನ ಬಳಿ ಕಳುಹಿಸಿದ್ದರು. ಕುಟುಂಬ ವಲಸೆ ಬಂದು ಮೂರು ವರ್ಷವಾಗಿತ್ತು. ತಂದೆಗೆ ಉಗ್ರಾಣವೊಂದರಲ್ಲಿ ರಾತ್ರಿ ಪಾಳಿ. ತಾಯಿ ಹಿಂದೆ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದವರು; ಇಲ್ಲಿ ಅವರ ಪದವಿಗೆ ಮಾನ್ಯತೆ ಸಿಕ್ಕಿರಲಿಲ್ಲ. ಭಾಷಾ ತರಗತಿಗೆ ಸೇರಿ ಎರಡೇ ವಾರಕ್ಕೆ ಬಿಟ್ಟಿದ್ದರು.

ಮೊದಲ ದಿನ ಅವರು ಹೊರಗೆ ಕಾಯುತ್ತಿದ್ದಾಗ ನಮ್ಮ ಸಿಬ್ಬಂದಿ ಎಂದಿನಂತೆ ಕೆಲವು ನಮೂನೆಗಳನ್ನು ಕೊಟ್ಟಿದ್ದರು. ಅದರಲ್ಲಿ ಖಿನ್ನತೆಯನ್ನು ಅಳೆಯುವ ಒಂಬತ್ತು ಪ್ರಶ್ನೆಗಳ ಹಾಳೆಯೂ ಇತ್ತು. ಕಳೆದ ಎರಡು ವಾರಗಳಲ್ಲಿ ನಿದ್ದೆ ಹೇಗಿತ್ತು, ಹಸಿವು ಹೇಗಿತ್ತು, ಕೆಲಸದಲ್ಲಿ ಆಸಕ್ತಿ ಇತ್ತೇ ಎಂದು ಕೇಳುವ ಹಾಳೆ ಅದು. ಒಂಬತ್ತನೆಯದು ಕಠಿಣ ಪ್ರಶ್ನೆ: ಸತ್ತಿದ್ದರೇ ಒಳ್ಳೆಯದಿತ್ತು, ಅಥವಾ ನನಗೆ ನಾನೇ ಹಾನಿ ಮಾಡಿಕೊಳ್ಳಬೇಕು ಎಂಬ ಯೋಚನೆ ಬಂದಿದೆಯೇ?

ನಾನು ಬಾಗಿಲು ತೆರೆದಾಗ ಮಗಳು ಪೆನ್ನು ಹಿಡಿದು ಓದಿ ಹೇಳುತ್ತಿದ್ದಳು, ತಾಯಿ ಉತ್ತರಿಸುತ್ತಿದ್ದರು. ಅವರ ಮನೆಮಾತೇ ನನ್ನದೂ ಆದ್ದರಿಂದ ಎರಡೂ ಬದಿ ನನಗೆ ಅರ್ಥವಾಗುತ್ತಿತ್ತು. ಎಂಟು ಪ್ರಶ್ನೆಗಳನ್ನು ಅವಳು ಚೊಕ್ಕವಾಗಿ ಅನುವಾದಿಸಿದಳು. ಒಂಬತ್ತನೆಯದಕ್ಕೆ ಬಂದಾಗ ಒಂದು ಕ್ಷಣ ನಿಂತಳು. ಆಮೇಲೆ, “ಅಮ್ಮ, ತಲೆನೋವು ಬರುತ್ತದೆಯೇ ಎಂದು ಕೇಳಿದ್ದಾರೆ” ಎಂದಳು. ತಾಯಿ “ಒಮ್ಮೊಮ್ಮೆ” ಎಂದರು. ಮಗಳು ‘ಇಲ್ಲವೇ ಇಲ್ಲ’ ಎಂಬ ಚೌಕದಲ್ಲಿ ಗುರುತು ಹಾಕಿದಳು.

ಅದೇ ಹಾಳೆಯ ನಮ್ಮ ಭಾಷೆಯ ಪ್ರತಿ ನನ್ನ ಮೇಜಿನ ಖಾನೆಯಲ್ಲೇ ಇತ್ತು. ಅದನ್ನು ಮೊದಲೇ ಹೊರಗಿಡದಿದ್ದದ್ದು ನನ್ನ ತಪ್ಪು. ಆ ತಪ್ಪಿನ ಭಾರವನ್ನು ಹನ್ನೆರಡು ವರ್ಷದ ಹುಡುಗಿ ಹೊತ್ತಳು.

ಮಗಳನ್ನು ಒಬ್ಬಳನ್ನೇ ಒಳಗೆ ಕೂರಿಸಿಕೊಂಡೆ. ಬೈಯುತ್ತಿಲ್ಲ ಎಂದು ಮೊದಲೇ ಹೇಳಿ, ಆ ಪ್ರಶ್ನೆಯನ್ನು ಏಕೆ ಬದಲಿಸಿದೆ ಎಂದು ಕೇಳಿದೆ. ಬಹಳ ಹೊತ್ತು ಅಂಗಿಯ ತೋಳನ್ನು ಎಳೆಯುತ್ತಾ ಕುಳಿತಿದ್ದಳು.

“ಕೇಳಿದರೆ ಅಮ್ಮ ಹೌದು ಎನ್ನಬಹುದಿತ್ತು. ಆಗ ಅದನ್ನು ನಾನು ಬರೆಯಬೇಕಾಗುತ್ತಿತ್ತು.”

ಹೊಟ್ಟೆನೋವು ಯಾವಾಗ ಬರುತ್ತದೆ ಎಂದು ಕೇಳಿದೆ. “ಅಂಚೆ ಬರುವ ದಿನ.” ಕರೆಂಟ್ ಬಿಲ್ಲು, ಬಾಡಿಗೆಯ ನೋಟಿಸು, ವೀಸಾ ಕಚೇರಿಯ ಪತ್ರ, ಎಲ್ಲವನ್ನೂ ಅವಳೇ ಮೊದಲು ಓದುತ್ತಿದ್ದಳು. ಯಾವುದನ್ನು ಅಪ್ಪನಿಗೆ ಹೇಳಬೇಕು, ಯಾವುದನ್ನು ಅವರು ನಿದ್ದೆ ಮಾಡಿ ಎದ್ದ ಮೇಲೆ ಹೇಳಬೇಕು, ಯಾವುದನ್ನು ಹೇಳಲೇಬಾರದು ಎಂದು ತೀರ್ಮಾನಿಸುತ್ತಿದ್ದವಳೂ ಅವಳೇ. ಹೇಳದೆ ಉಳಿಸಿಕೊಂಡ ಎರಡು ಪತ್ರಗಳು ಶಾಲೆಯ ಚೀಲದ ತಳದಲ್ಲಿದ್ದವು.

ನಂತರ ತಾಯಿಯನ್ನು ಕರೆದು, ಒಂಬತ್ತನೆಯ ಪ್ರಶ್ನೆಯನ್ನು ನಮ್ಮ ಭಾಷೆಯಲ್ಲಿ ನೇರವಾಗಿ ಕೇಳಿದೆ. ಸಾವಿನ ಯೋಚನೆಯ ಬಗ್ಗೆ ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಅನೇಕರಲ್ಲಿದೆ. ಅದು ನಿಜವಲ್ಲ. ಕೇಳಿಸಿಕೊಂಡವರಿಗೆ ಹೆಚ್ಚಾಗಿ ಸಿಗುವುದು ನಿರಾಳವೇ. ತಾಯಿ ಕಣ್ಣೊರೆಸಿಕೊಂಡು ಹೇಳಿದರು: “ಸಾಯಬೇಕು ಎನ್ನಿಸಿಲ್ಲ. ಬೆಳಿಗ್ಗೆ ಎಚ್ಚರವಾಗದಿದ್ದರೆ ಚೆನ್ನ ಎನ್ನಿಸುತ್ತದೆ.” ಯೋಜನೆ ಏನಾದರೂ ಇದೆಯೇ, ಯಾವಾಗ ಹೀಗೆ ತೀವ್ರವಾಗುತ್ತದೆ, ಆಗ ಯಾರಿಗೆ ಕರೆ ಮಾಡಬಹುದು ಎಂಬುದನ್ನೆಲ್ಲ ಅಂದೇ ಮಾತನಾಡಿ ಬರೆದಿಟ್ಟೆವು. ಮನೋವೈದ್ಯರ ಭೇಟಿಯನ್ನೂ ಅಂದೇ ಗೊತ್ತುಮಾಡಿದೆ.

ಬಾರ್ಸಿಲೋನಾದ ಮನೋವೈದ್ಯ ಹೊಸೆಬಾ ಅಚೊತೆಗಿ ವಲಸಿಗರ ದುಃಖವನ್ನು ಏಳು ಬಗೆಯ ಅಗಲಿಕೆಗಳಾಗಿ ಬಿಡಿಸಿ ಹೇಳಿದ್ದಾರೆ. ಬಂಧುಬಳಗ, ಭಾಷೆ, ಸಂಸ್ಕೃತಿ, ನೆಲ, ಸಾಮಾಜಿಕ ಸ್ಥಾನ, ತನ್ನವರ ಒಡನಾಟ, ದೈಹಿಕ ಸುರಕ್ಷತೆ. ಈ ತಾಯಿಗೆ ಭಾಷೆ ಮತ್ತು ಸ್ಥಾನ ಒಟ್ಟಿಗೆ ಹೋಗಿದ್ದವು. ತರಗತಿ ತುಂಬ ಮಕ್ಕಳ ತಪ್ಪು ತಿದ್ದಿದವರ ತಪ್ಪನ್ನು ಈಗ ಅವರ ಮಗಳೇ ಅಂಗಡಿಯಲ್ಲಿ, ಎಲ್ಲರ ಎದುರು ತಿದ್ದುತ್ತಿದ್ದಳು. ಭಾಷಾ ತರಗತಿಯನ್ನು ಬಿಟ್ಟಿದ್ದು ಸೋಮಾರಿತನದಿಂದಲ್ಲ. ಹಿಂದಿನ ಬೆಂಚಿನಲ್ಲಿ ಕುಳಿತು ಅಕ್ಷರ ಕೂಡಿಸುವುದು ಅವರಿಗೆ ಸಹಿಸಲಾಗಿರಲಿಲ್ಲ.

ಮುಂದಿನ ವಾರ ಮೂವರನ್ನೂ ಕೂರಿಸಿ ನಾನು ಕೊಟ್ಟ ಸಲಹೆ ಕಟುವಾಗಿತ್ತು. ಆಸ್ಪತ್ರೆ, ಬ್ಯಾಂಕು, ವಕೀಲರು, ವೀಸಾ ಕಚೇರಿ, ಈ ನಾಲ್ಕು ಕಡೆ ಮಗಳು ಇನ್ನು ಬಾಯಿ ತೆರೆಯಬಾರದು. ಹೊಸ ಭಾಷೆಯಲ್ಲಿ ತಾಯಿ ಮೊದಲು ಕಲಿಯಬೇಕಾದದ್ದು ಒಂದೇ ವಾಕ್ಯ: “ನನಗೆ ದುಭಾಷಿ ಬೇಕು.” ಹಲವು ದೇಶಗಳಲ್ಲಿ ಹಾಗೆ ಕೇಳುವುದು ಹಕ್ಕು, ಭಿಕ್ಷೆಯಲ್ಲ. ಆಸ್ಟ್ರೇಲಿಯಾ ದೂರವಾಣಿ ಮೂಲಕ ದುಭಾಷಿ ಸೇವೆಯನ್ನು 1973ರಲ್ಲೇ ಆರಂಭಿಸಿತು. ಅಮೆರಿಕದಲ್ಲಿ 2016ರ ನಿಯಮವೊಂದು, ಕೇಂದ್ರ ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ಸುರಕ್ಷತೆಗೆ ತಕ್ಷಣದ ಅಪಾಯವಿರುವ ತುರ್ತಿನ ಹೊರತು ಅಪ್ರಾಪ್ತ ಮಕ್ಕಳನ್ನು ದುಭಾಷಿಗಳಾಗಿ ಬಳಸಬಾರದು ಎಂದಿತು. ಮನೆಗೆ ಬರುವ ಪತ್ರಗಳನ್ನು ತಂದೆಯೇ ಒಡೆಯಬೇಕು, ಮೊಬೈಲಿನ ಅನುವಾದದಲ್ಲಿ ಮೊದಲ ಓದು ಅವರದೇ ಆಗಬೇಕು, ಅರ್ಥವಾಗದಿದ್ದರೆ ವಲಸಿಗರ ನೆರವು ಕೇಂದ್ರಕ್ಕೆ ಒಯ್ಯಬೇಕು ಎಂದೆ.

ತಂದೆ ಒಪ್ಪಲಿಲ್ಲ. “ನಮ್ಮ ಮನೆ ನಡೆಯುತ್ತಿರುವುದೇ ಅವಳಿಂದ, ಮೇಡಂ” ಎಂದರು. ಅವರ ದನಿಯಲ್ಲಿ ಹೆಮ್ಮೆಯಿತ್ತು. ಮಗಳು ಎದ್ದು ಚೀಲದಿಂದ ಆ ಎರಡು ಪತ್ರಗಳನ್ನು ತೆಗೆದು ಅವರ ಮುಂದಿಟ್ಟಳು. ಒಂದು, ಬಾಡಿಗೆ ಏರಿಸುವುದಾಗಿ ಮನೆಯ ಮಾಲೀಕರು ಕಳುಹಿಸಿದ್ದು. ತಂದೆ ಮತ್ತೆ ಮಾತನಾಡಲಿಲ್ಲ.

ಈ ಸಲಹೆಯನ್ನು ನನ್ನ ಸಹೋದ್ಯೋಗಿಗಳೇ ಪ್ರಶ್ನಿಸಿದ್ದಾರೆ. ದುಭಾಷಿಯನ್ನು ಕರೆಸಿ ಕಾಯುವಷ್ಟು ಪುರುಸೊತ್ತು ದಿನಗೂಲಿಯವರಿಗೆ ಎಲ್ಲಿದೆ, ಮನೆಗೆ ನೆರವಾಗುವ ಮಕ್ಕಳು ಚುರುಕಾಗುವುದಿಲ್ಲವೇ ಎನ್ನುತ್ತಾರೆ. ಚುರುಕಾಗುತ್ತಾರೆ, ಒಪ್ಪುತ್ತೇನೆ. ಬಸ್ಸಿನ ಫಲಕ ಓದಿ ಹೇಳಲಿ, ಅಂಗಡಿಯಲ್ಲಿ ಬೆಲೆ ಕೇಳಲಿ, ಪಕ್ಕದ ಮನೆಯವರೊಂದಿಗೆ ಮಾತು ಕೂಡಿಸಲಿ. ನೆರವಾಗುವುದನ್ನು ನಾನು ತಡೆದಿಲ್ಲ. ಹೆತ್ತವರ ರೋಗವನ್ನೂ ಸಾಲವನ್ನೂ ಅವರಿಗಿಂತ ಮೊದಲು ತಿಳಿದುಕೊಂಡು, ಎಷ್ಟು ಹೇಳಲಿ ಎಂದು ರಾತ್ರಿಯೆಲ್ಲ ತೂಗುವ ಕೆಲಸವನ್ನು ತಡೆದಿದ್ದೇನೆ. ತಪ್ಪು ಅನುವಾದದ ಅಪಾಯವಂತೂ ಬೇರೆಯೇ ಇದೆ. ಅಮೆರಿಕದ ಮಕ್ಕಳ ಚಿಕಿತ್ಸಾಲಯವೊಂದರಲ್ಲಿ ಸ್ಪ್ಯಾನಿಷ್ ಮಾತನಾಡುವ ಕುಟುಂಬಗಳ 13 ಭೇಟಿಗಳನ್ನು ಧ್ವನಿಮುದ್ರಿಸಿ ನಡೆಸಿದ ಅಧ್ಯಯನ 2003ರಲ್ಲಿ ‘ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಸಿಕ್ಕ ತಪ್ಪುಗಳು 396. ಅಲ್ಲಿ ಆಸ್ಪತ್ರೆಯ ವೃತ್ತಿಪರ ದುಭಾಷಿಗಳೂ ತಪ್ಪು ಮಾಡಿದ್ದರು, ಆದರೆ ಚಿಕಿತ್ಸೆಗೆ ಕುತ್ತು ತರಬಲ್ಲ ತಪ್ಪುಗಳ ಪ್ರಮಾಣ ಆ ಹೊತ್ತಿಗೆ ಕೈಗೆ ಸಿಕ್ಕವರಿಂದ ಮಾಡಿಸಿದ ಅನುವಾದದಲ್ಲೇ ಹೆಚ್ಚಿತ್ತು.

ನಾನು ನಿರೀಕ್ಷಿಸದಿದ್ದದ್ದು ಮಗಳ ಸಿಟ್ಟು. ಮೂರನೆಯ ಭೇಟಿಯಲ್ಲಿ, “ಹಾಗಾದರೆ ಮನೆಯಲ್ಲಿ ನಾನು ಏಕಿರಬೇಕು?” ಎಂದಳು. ಭಾರ ಇಳಿಸಿದರೆ ಹಗುರಾಗುತ್ತಾಳೆ ಎಂದುಕೊಂಡಿದ್ದೆ. ಅವಳ ಪಾಲಿಗೆ ಅದು ಸ್ಥಾನವೂ ಆಗಿತ್ತು. ತಾಯಿಯ ಸ್ಥಾನನಷ್ಟವನ್ನು ಕಂಡ ನನಗೆ ಮಗಳದ್ದು ಕಂಡಿರಲಿಲ್ಲ. ನಂತರದ ಎರಡು ಭೇಟಿಗಳು ಅವಳಿಗೇ ಮೀಸಲಾದವು. ಅವಳಿಗೆ ಗಣಿತ ಕಷ್ಟ ಎಂದು ತಿಳಿದದ್ದು ಆಗ. ಈಗ ದಿನಕ್ಕೆ ಅರ್ಧ ಗಂಟೆ ಅಮ್ಮ ಅವಳಿಗೆ ಲೆಕ್ಕ ಹೇಳಿಕೊಡುತ್ತಾರೆ, ಮನೆಮಾತಿನಲ್ಲೇ. ಹೊಟ್ಟೆನೋವು ಪೂರ್ತಿ ಹೋಗಿಲ್ಲ, ಕಡಿಮೆಯಾಗಿದೆ. ತಾಯಿ ಔಷಧ ತೆಗೆದುಕೊಳ್ಳುತ್ತಿದ್ದಾರೆ, ಭಾಷಾ ತರಗತಿಗೆ ಮರಳಿದ್ದಾರೆ.

ಕಳೆದ ತಿಂಗಳು ಅವರು ತಾವೇ ನಮ್ಮ ಕಚೇರಿಗೆ ಹೊಸ ಭಾಷೆಯಲ್ಲಿ ಕರೆ ಮಾಡಿ ಭೇಟಿಯ ದಿನ ಬದಲಿಸಿಕೊಂಡರು. ಗುರುವಾರ ಎಂದು ಹೇಳಿದ್ದನ್ನು ಬುಧವಾರ ಎಂದು ತಿಳಿದು ಒಂದು ದಿನ ಮೊದಲೇ ಬಂದರು. “ನನಗೆ ಹೇಳಿದ್ದರೆ ನಾನೇ ಮಾತನಾಡುತ್ತಿದ್ದೆ” ಎಂದು ಮಗಳು ಗೊಣಗಿದಳು. “ನಾಳೆಯೂ ಬರೋಣ ಬಿಡು, ಮಗಳೇ” ಎಂದರು ತಾಯಿ. ಮರುದಿನ ಬಂದರು.