ಮೊಡವೆ ಗುಳಿಗಳಿಗೆ ಮೈಕ್ರೋನೀಡ್ಲಿಂಗ್: ಪ್ಯಾಕೇಜಿಗೆ ಮುಂಗಡ ಕೊಡುವ ಮೊದಲು

ನೀವು ಕೇಳಿರುವುದು ಇಷ್ಟು: ವಯಸ್ಸು ಇಪ್ಪತ್ತೇಳು, ಮೊಡವೆಗಳು ನಿಂತು ವರ್ಷ ಕಳೆದರೂ ಎರಡೂ ಕೆನ್ನೆಗಳಲ್ಲಿ ಗುಳಿಗಳೂ ಕಂದು ಗುರುತುಗಳೂ ಉಳಿದಿವೆ, ಮನೆಯ ಹತ್ತಿರದ ಕ್ಲಿನಿಕ್ಕಿನವರು ಆರು ಸಿಟ್ಟಿಂಗ್‌ಗಳ ಮೈಕ್ರೋನೀಡ್ಲಿಂಗ್ (ಸಣ್ಣ ಸೂಜಿಗಳಿಂದ ಚರ್ಮವನ್ನು ಚುಚ್ಚುವ ಚಿಕಿತ್ಸೆ) ಪ್ಯಾಕೇಜ್ ಹೇಳಿ ಮುಂಗಡ ಕೇಳಿದ್ದಾರೆ, ನಾಲ್ಕು ತಿಂಗಳಿಗೆ ಮದುವೆ ಇದೆ. ಅಷ್ಟರೊಳಗೆ ಗುಳಿಗಳು ಪೂರ್ತಿ ಹೋಗುತ್ತವೆಯೇ, ಅಥವಾ ಆನ್‌ಲೈನಿನಲ್ಲಿ ಸಿಗುವ ಮುಳ್ಳಿನ ರೋಲರ್ ತರಿಸಿಕೊಂಡು ಮನೆಯಲ್ಲೇ ಮಾಡಿಕೊಳ್ಳಬಹುದೇ ಎಂಬುದು ನಿಮ್ಮ ಪ್ರಶ್ನೆ. ನಾನು ಚರ್ಮರೋಗ ವೈದ್ಯೆ, ಈ ಚಿಕಿತ್ಸೆಯನ್ನು ಹಲವು ವರ್ಷಗಳಿಂದ ಮಾಡುತ್ತ ಬಂದವಳು. ಗುಳಿಗಳು ಪೂರ್ತಿ ಹೋಗುವುದಿಲ್ಲ, ನಾಲ್ಕು ತಿಂಗಳಲ್ಲಂತೂ ಖಂಡಿತ ಇಲ್ಲ. ಕಣ್ಣಿಗೆ ಕಾಣುವಷ್ಟು ತಗ್ಗಬಹುದು. ಎಷ್ಟು ತಗ್ಗುತ್ತವೆ ಎಂಬುದು ಅವು ಯಾವ ಬಗೆಯ ಗುಳಿಗಳು ಎಂಬುದರ ಮೇಲೆ ನಿಂತಿದೆ. ಆ ಬಗೆಯನ್ನು ನಿಮಗೆ ಯಾರೂ ಹೇಳಿದಂತೆ ಕಾಣುವುದಿಲ್ಲ. ಗುಳಿಯನ್ನು ಪರೀಕ್ಷಿಸದೆ ಸಿಟ್ಟಿಂಗ್‌ಗಳ ಸಂಖ್ಯೆಯನ್ನು ಮಾತ್ರ ಹೇಳಿದವರಿಗೆ ಸದ್ಯಕ್ಕೆ ಹಣ ಕೊಡಬೇಡಿ.

ಮೊದಲು ಕಂದು ಗುರುತುಗಳನ್ನು ಬೇರೆಯಾಗಿಡೋಣ. ಮೊಡವೆ ಒಣಗಿದ ಜಾಗದಲ್ಲಿ ಚಪ್ಪಟೆಯಾಗಿ ಉಳಿಯುವ ಆ ಬಣ್ಣ ಉರಿಯೂತದ ಬೆನ್ನಿಗೆ ಹೆಚ್ಚಾದ ಮೆಲನಿನ್, ಅಂದರೆ ಚರ್ಮಕ್ಕೆ ಬಣ್ಣ ಕೊಡುವ ವಸ್ತು. ಅಲ್ಲಿ ಚರ್ಮದ ರಚನೆ ಕೆಟ್ಟಿರುವುದಿಲ್ಲ. ದಿನವೂ ಸನ್‌ಸ್ಕ್ರೀನ್ ಹಚ್ಚಿ, ವೈದ್ಯರು ಹೇಳಿದ ಅಜೆಲಾಯಿಕ್ ಆಮ್ಲ ಅಥವಾ ರೆಟಿನಾಯ್ಡ್ ಕ್ರೀಮನ್ನು ರಾತ್ರಿ ಬಳಸಿದರೆ ಅದು ತಿಂಗಳುಗಳ ಅವಧಿಯಲ್ಲಿ ತಾನಾಗಿ ತಿಳಿಯಾಗುತ್ತದೆ. ಅದಕ್ಕೆ ಸೂಜಿ ಬೇಕಾಗಿಲ್ಲ. ಎರಡನ್ನೂ ಗುರುತಿಸುವುದು ಸುಲಭ. ಕತ್ತಲೆ ಕೋಣೆಯಲ್ಲಿ ಕನ್ನಡಿಯ ಮುಂದೆ ನಿಂತು ಮೊಬೈಲಿನ ಟಾರ್ಚನ್ನು ಕಿವಿಯ ಪಕ್ಕದಿಂದ ಕೆನ್ನೆಗೆ ಓರೆಯಾಗಿ ಹಿಡಿಯಿರಿ, ಆಮೇಲೆ ಎದುರಿನಿಂದ ಹಿಡಿಯಿರಿ. ಬೆಳಕಿನ ದಿಕ್ಕು ಬದಲಾದಂತೆ ಎದ್ದು ಕಂಡು ಮರೆಯಾಗುವುದು ಗುಳಿ, ಹೇಗೆ ಹಿಡಿದರೂ ಒಂದೇ ಸಮನೆ ಕಾಣುವುದು ಬಣ್ಣ. ಬಣ್ಣವನ್ನೇ ಗುಳಿಯೆಂದು ಭಾವಿಸಿ ಸಾವಿರಾರು ರೂಪಾಯಿ ಸುರಿದ ನಂತರ ನನ್ನ ಬಳಿ ಬಂದವರು ಅನೇಕರಿದ್ದಾರೆ.

ಇನ್ನು ಗುಳಿಗಳು. ಚರ್ಮವೈದ್ಯರು ಮೊಡವೆಯ ಗುಳಿಗಳನ್ನು ಸಾಮಾನ್ಯವಾಗಿ ಮೂರು ಬಗೆಯಾಗಿ ನೋಡುತ್ತಾರೆ. ಮೊದಲನೆಯದು ಐಸ್‌ಪಿಕ್: ಬಾಯಿ ಎರಡು ಮಿಲಿಮೀಟರಿಗಿಂತ ಕಿರಿದು, ಆಳ ಮಾತ್ರ ಚರ್ಮದ ಕೆಳಪದರದವರೆಗೆ. ಎರಡನೆಯದು ಬಾಕ್ಸ್‌ಕಾರ್: ಅಂಚು ಕತ್ತರಿಸಿದಂತೆ ನೇರ, ತಳ ಚಪ್ಪಟೆ; ಸೀತಾಳೆ ಸಿಡುಬಿನ ಕಲೆಗಳೂ ಹೆಚ್ಚಾಗಿ ಹೀಗೇ ಇರುತ್ತವೆ. ಮೂರನೆಯದು ರೋಲಿಂಗ್: ನಾಲ್ಕೈದು ಮಿಲಿಮೀಟರ್ ಅಥವಾ ಅದಕ್ಕಿಂತ ಅಗಲ, ಅಂಚು ಸ್ಪಷ್ಟವಿಲ್ಲ, ಕೆನ್ನೆ ಅಲೆಅಲೆಯಾಗಿ ಕಾಣುತ್ತದೆ. ಈ ಮೂರನೆಯದರ ಮೂಲ ಚರ್ಮದ ಅಡಿಯಲ್ಲಿದೆ. ಹತ್ತಿ ಹಾಸಿಗೆಯಲ್ಲಿ ದಾರ ಎಳೆದು ಗಂಟು ಹಾಕಿದ ಕಡೆ ಕುಳಿ ಬೀಳುವಂತೆ, ಗಾಯ ಮಾಗುವಾಗ ಹುಟ್ಟಿದ ನಾರಿನ ಎಳೆಗಳು ಚರ್ಮವನ್ನು ಕೆಳಗಿನಿಂದ ಹಿಡಿದೆಳೆಯುತ್ತವೆ. ಆ ಎಳೆಗಳನ್ನು ಕತ್ತರಿಸದೆ ಮೇಲಿನಿಂದ ಎಷ್ಟು ಚುಚ್ಚಿದರೂ ಫಲ ಅರ್ಧವೇ. ಕತ್ತರಿಸುವುದಕ್ಕೆ ಸಬ್‌ಸಿಷನ್ ಎಂಬ ಸಣ್ಣ ಶಸ್ತ್ರಕ್ರಮವಿದೆ. ಅಮೆರಿಕದ ಓರೆಂಟ್ರೈಖ್ ವೈದ್ಯರು 1995ರಲ್ಲಿ ಅದನ್ನು ವಿವರಿಸಿದರು. ಐಸ್‌ಪಿಕ್ ಗುಳಿಗಳಿಗಾದರೋ ಮೈಕ್ರೋನೀಡ್ಲಿಂಗ್ ಅಷ್ಟೇನೂ ಪ್ರಯೋಜನಕ್ಕೆ ಬರುವುದಿಲ್ಲ; ಚೂಪು ಕಡ್ಡಿಯ ತುದಿಯಿಂದ ಪ್ರತಿಯೊಂದು ಗುಳಿಯ ಒಳಗೆ ಮಾತ್ರ ಪ್ರಬಲ ಟ್ರೈಕ್ಲೋರೊಅಸೆಟಿಕ್ ಆಮ್ಲವನ್ನು ಮುಟ್ಟಿಸುವ ಕ್ರಾಸ್ ವಿಧಾನ, ಅಥವಾ ಗುಳಿಯನ್ನೇ ವೃತ್ತಾಕಾರವಾಗಿ ಕತ್ತರಿಸಿ ಹೊಲಿಯುವ ಪಂಚ್ ವಿಧಾನ ಅವುಗಳಿಗೆ ಸರಿ. ಹೆಚ್ಚಿನ ಮುಖಗಳಲ್ಲಿ ಮೂರೂ ಬಗೆ ಬೆರೆತಿರುತ್ತವೆ. ಒಂದೇ ಚಿಕಿತ್ಸೆಯ ಆರು ಸಿಟ್ಟಿಂಗ್ ಎಂಬ ಪ್ಯಾಕೇಜ್ ನನಗೆ ಒಪ್ಪಿಗೆಯಾಗದಿರುವುದು ಈ ಕಾರಣಕ್ಕೆ.

ಈ ಚಿಕಿತ್ಸೆ ಹುಟ್ಟಿದ ಬಗೆಯೇ ಅದರ ಕೆಲಸವನ್ನು ಹೇಳುತ್ತದೆ. ಕೆನಡಾದ ಕಾಮಿರಾಂ ಮತ್ತು ಡೂಸೆ ಎಂಬ ವೈದ್ಯರು ಬಿಳಿಚಿದ ಕಲೆಗಳನ್ನು ಮರೆಮಾಡಲು ಹಚ್ಚೆಯ ಯಂತ್ರದಿಂದ ಚರ್ಮದ ಬಣ್ಣವನ್ನು ತುಂಬುತ್ತಿದ್ದರು. ತುಂಬಿದ ಬಣ್ಣ ಕಾಲಕ್ರಮದಲ್ಲಿ ಮಾಸಿದ ಮೇಲೂ ಕಲೆಗಳು ಮೊದಲಿಗಿಂತ ಚೆನ್ನಾಗಿ ಕಾಣುತ್ತಿರುವುದು ಅವರ ಗಮನಕ್ಕೆ ಬಂತು. ಹಾಗಾದರೆ ಗುಣ ಬಣ್ಣದ್ದಲ್ಲ, ಸೂಜಿಯದೇ ಎಂದು ಬಣ್ಣವಿಲ್ಲದೆ ಬರೀ ಯಂತ್ರದಿಂದ ಚುಚ್ಚಿ ನೋಡಿ 1997ರಲ್ಲಿ ವರದಿ ಮಾಡಿದರು. ದಕ್ಷಿಣ ಆಫ್ರಿಕಾದ ಕೇಪ್‌ಟೌನಿನ ಪ್ಲಾಸ್ಟಿಕ್ ಸರ್ಜನ್ ಡೆಸ್ಮಂಡ್ ಫರ್ನಾಂಡಿಸ್ ಇದಕ್ಕೆ ಮುಳ್ಳುಗಳ ಉರುಳೆಯ, ಅಂದರೆ ರೋಲರಿನ, ರೂಪ ಕೊಟ್ಟು ಬಳಕೆಗೆ ತಂದರು. ಸೂಜಿಗಳು ಮೇಲ್ಪದರವನ್ನು ಸುಲಿಯದೆ ಅದರ ಮೂಲಕ ಹಾದು ಒಳಪದರದಲ್ಲಿ ಸಾವಿರಾರು ಸೂಕ್ಷ್ಮ ಗಾಯಗಳನ್ನು ಮಾಡುತ್ತವೆ. ಅಲ್ಲಿ ಒಸರಿದ ರಕ್ತದ ಪ್ಲೇಟ್‌ಲೆಟ್‌ಗಳು ಬೆಳವಣಿಗೆಯ ಅಂಶಗಳನ್ನು ಬಿಡುಗಡೆ ಮಾಡುತ್ತವೆ. ಫೈಬ್ರೊಬ್ಲಾಸ್ಟ್ ಎಂಬ ಜೀವಕೋಶಗಳು ಎಚ್ಚೆತ್ತು ಚರ್ಮಕ್ಕೆ ಬಲ ಕೊಡುವ ಕೊಲ್ಯಾಜನ್ ಎಂಬ ನಾರನ್ನು ಹೊಸದಾಗಿ ನೇಯತೊಡಗುತ್ತವೆ. ಮೊದಲು ಹುಟ್ಟುವ ಮೂರನೆಯ ವಿಧದ ಕೊಲ್ಯಾಜನ್ ನಿಧಾನವಾಗಿ ಗಟ್ಟಿಯಾದ ಒಂದನೆಯ ವಿಧಕ್ಕೆ ಜಾಗ ಬಿಡಬೇಕು, ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಸಿಟ್ಟಿಂಗ್ ಮುಗಿದ ವಾರದಲ್ಲಿ ಮುಖ ತುಂಬಿಕೊಂಡಂತೆ ಕಾಣುವುದು ಬಾವಿನಿಂದ. ಆ ಸಂತೋಷ ಬಾವಿನ ಜೊತೆಗೇ ಇಳಿಯುತ್ತದೆ. ನಿಜವಾದ ಫಲವನ್ನು ಅಳೆಯಬೇಕಾದದ್ದು ಕೊನೆಯ ಸಿಟ್ಟಿಂಗ್ ಕಳೆದು ಮೂರರಿಂದ ಆರು ತಿಂಗಳ ನಂತರ.

ಫಲ ಎಷ್ಟು ಎಂದು ಕೇಳಿದರೆ, ನಮ್ಮ ದೇಶದ ಚರ್ಮದ ಮೇಲೆಯೇ ಮಾಡಿದ ಕೆಲಸವಿದೆ. ಶ್ರೀನಗರದ ಚರ್ಮವೈದ್ಯರೊಬ್ಬರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಚಿಕಿತ್ಸೆ ಪೂರ್ಣಗೊಳಿಸಿದ 36 ಮಂದಿಯಲ್ಲಿ 34 ಮಂದಿಯ ಕಲೆಗಳು ಗುಡ್‌ಮನ್ ಮತ್ತು ಬ್ಯಾರನ್ ಅವರು ರೂಪಿಸಿದ, ಕಲೆಗಳ ತೀವ್ರತೆಯನ್ನು ಅಳೆಯುವ ನಾಲ್ಕು ಹಂತಗಳ ಮಾಪನದಲ್ಲಿ ಒಂದು ಅಥವಾ ಎರಡು ಹಂತ ಇಳಿದವು. ರೋಲಿಂಗ್ ಮತ್ತು ಬಾಕ್ಸ್‌ಕಾರ್ ಗುಳಿಗಳು ಚೆನ್ನಾಗಿ ಸ್ಪಂದಿಸಿದವು, ಕಿರಿದಾದ ಆಳದ ಗುಳಿಗಳು ಅಷ್ಟಾಗಿ ಸ್ಪಂದಿಸಲಿಲ್ಲ. ಹಂತ ಇಳಿಯುವುದೆಂದರೆ, ಮಾತನಾಡುವ ದೂರದಲ್ಲಿ ಎದ್ದು ಕಾಣುತ್ತಿದ್ದದ್ದು ಹತ್ತಿರ ಬಂದು ನೋಡಿದರೆ ಮಾತ್ರ ಕಾಣುವಂತಾಗುವುದು. ಜಾಹೀರಾತಿನ ಗಾಜಿನಂಥ ಕೆನ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡವರಿಗೆ ಇದು ಸೋಲೆನಿಸುತ್ತದೆ. ನನ್ನ ಮಟ್ಟಿಗೆ ಇದು ಒಳ್ಳೆಯ ಫಲ.

ನೋವಿನ ವಿಚಾರಕ್ಕೆ ಭಯ ಬೇಡ. ಲಿಗ್ನೋಕೇನ್ ಮತ್ತು ಪ್ರಿಲೋಕೇನ್ ಇರುವ ಮರಗಟ್ಟಿಸುವ ಕ್ರೀಮನ್ನು ದಪ್ಪಗೆ ಹಚ್ಚಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬಿಡುತ್ತಾರೆ; ಆತುರದಲ್ಲಿ ಇಪ್ಪತ್ತು ನಿಮಿಷಕ್ಕೇ ಒರೆಸಿದರೆ ನೋವು ತಿಳಿಯುತ್ತದೆ. ಗುಳಿಗಳಿಗೆ ಸಾಮಾನ್ಯವಾಗಿ ಒಂದೂವರೆಯಿಂದ ಎರಡೂವರೆ ಮಿಲಿಮೀಟರ್ ಆಳ ಬೇಕು. ಹಣೆ, ಮೂಗು, ಕಣ್ಣಿನ ಸುತ್ತ ಮೂಳೆ ಹತ್ತಿರವಿರುವುದರಿಂದ ಕಡಿಮೆ ಇಡುತ್ತಾರೆ. ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿದು ಅಡ್ಡ, ಉದ್ದ, ಓರೆ ದಿಕ್ಕುಗಳಲ್ಲಿ ಹಾಯಿಸಿದಾಗ ಸೂಜಿಮೊನೆಯಷ್ಟು ರಕ್ತದ ಹನಿಗಳು ಸಮನಾಗಿ ಕಾಣಿಸಿಕೊಳ್ಳಬೇಕು, ಅಲ್ಲಿಗೆ ನಿಲ್ಲಿಸಬೇಕು. ಈಗ ಹೆಚ್ಚಿನ ಕಡೆ ಉರುಳೆಯ ಬದಲು ವಿದ್ಯುತ್ ಪೆನ್ ಬಳಸುತ್ತಾರೆ. ಆಳವನ್ನು ಜಾಗಕ್ಕೆ ತಕ್ಕಂತೆ ಬದಲಿಸಬಹುದು, ಸೂಜಿಯ ತುದಿಭಾಗವನ್ನು ಒಬ್ಬರಿಗೆ ಬಳಸಿ ಎಸೆಯಬಹುದು. ಆ ತುದಿಯ ಮೊಹರು ನಿಮ್ಮ ಕಣ್ಣೆದುರಿಗೇ ಒಡೆಯಲಿ ಎಂದು ಕೇಳುವುದಕ್ಕೆ ಸಂಕೋಚಪಡಬೇಡಿ. ಸಿಟ್ಟಿಂಗ್‌ಗಳ ನಡುವೆ ನಾಲ್ಕರಿಂದ ಆರು ವಾರಗಳ ಅಂತರವಿರಬೇಕು. ಎರಡು ವಾರಕ್ಕೊಮ್ಮೆ ಕರೆಯುವವರು ನಿಮ್ಮ ಕೊಲ್ಯಾಜನ್‌ಗಿಂತ ತಮ್ಮ ಕ್ಯಾಲೆಂಡರಿನ ಕಡೆಗೆ ಹೆಚ್ಚು ಗಮನ ಕೊಟ್ಟವರು.

ನಮ್ಮಂಥ ಕಂದು ಚರ್ಮಕ್ಕೆ ಈ ವಿಧಾನ ಹೊಂದಿಕೊಳ್ಳುವುದಕ್ಕೆ ಒಂದು ಕಾರಣವಿದೆ. ಸುಟ್ಟು ಕೆಲಸ ಮಾಡುವ ಫ್ರಾಕ್ಷನಲ್ ಕಾರ್ಬನ್ ಡೈಆಕ್ಸೈಡ್ ಲೇಸರಿನಿಂದ ಮುಖ ಕಪ್ಪಾಗುವ ಅಪಾಯ ಹೆಚ್ಚು. ಸಾಮಾನ್ಯ ಮೈಕ್ರೋನೀಡ್ಲಿಂಗ್‌ನಲ್ಲಿ ಶಾಖವೇ ಇಲ್ಲ, ಮೇಲ್ಪದರವೂ ಬಹುಮಟ್ಟಿಗೆ ಉಳಿದಿರುತ್ತದೆ. ಹಾಗೆಂದು ಅಪಾಯವೇ ಇಲ್ಲವೆಂದಲ್ಲ. ಅತಿಯಾಗಿ ಒತ್ತಿದಾಗ ಉರುಳೆ ಹಾದ ದಾರಿಯಲ್ಲೇ ಸಾಲುಸಾಲಾಗಿ ಹೊಸ ಕಲೆ ಮೂಡಿದ ಉದಾಹರಣೆಗಳು ವೈದ್ಯಕೀಯ ಪತ್ರಿಕೆಗಳಲ್ಲಿವೆ. ಚುಚ್ಚಿದ ಕೂಡಲೇ ಹಚ್ಚಿದ ವಿಟಮಿನ್ ಸಿ ಸೀರಂ ಚರ್ಮದೊಳಗೆ ಸೇರಿ ಗಂಟುಗಂಟಾದ ಪ್ರತಿಕ್ರಿಯೆ ಉಂಟಾದದ್ದೂ ವರದಿಯಾಗಿದೆ. ಮೇಲೆ ಹಚ್ಚಲು ತಯಾರಾದದ್ದು ಒಳಗೆ ಹೋಗಲು ತಯಾರಾದದ್ದಲ್ಲ.

ಕ್ಲಿನಿಕ್ಕಿನವರು ಇನ್ನೆರಡು ಹೆಸರುಗಳನ್ನು ಹೇಳಬಹುದು. ಒಂದು ರೇಡಿಯೊ ಆವರ್ತನದ ಮೈಕ್ರೋನೀಡ್ಲಿಂಗ್. ಇದರಲ್ಲಿ ಸೂಜಿಯ ತುದಿಯಿಂದ ಶಾಖ ಹೊರಡುತ್ತದೆ. ಅನುಭವಿಯ ಕೈಯಲ್ಲಿ ಆಳವಾದ ಗುಳಿಗಳಿಗೆ ಉಪಯುಕ್ತ. ಆದರೆ ಸುಟ್ಟಗಾಯ, ಹೊಸ ಕಲೆ, ಮುಖದ ಕೊಬ್ಬು ಕರಗುವುದು, ನರಕ್ಕೆ ಪೆಟ್ಟು ಇವುಗಳ ವರದಿಗಳನ್ನು ಮುಂದಿಟ್ಟು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2025ರ ಅಕ್ಟೋಬರಿನಲ್ಲಿ ಎಚ್ಚರಿಕೆ ಹೊರಡಿಸಿದೆ. ಇನ್ನೊಂದು ಪಿಆರ್‌ಪಿ, ಅಂದರೆ ನಿಮ್ಮದೇ ರಕ್ತದಿಂದ ಬೇರ್ಪಡಿಸಿದ ಪ್ಲೇಟ್‌ಲೆಟ್‌ಗಳನ್ನು ಸೇರಿಸುವುದು. ಅದರಿಂದ ಸ್ವಲ್ಪ ಹೆಚ್ಚು ಲಾಭವಿದೆಯೆಂದ ಅಧ್ಯಯನಗಳೂ ವ್ಯತ್ಯಾಸವೇ ಇಲ್ಲವೆಂದ ಅಧ್ಯಯನಗಳೂ ಇವೆ. ದುಪ್ಪಟ್ಟು ಹಣ ಕೊಡುವಷ್ಟು ಮಹತ್ವ ಅದಕ್ಕೆ ಇದೆಯೆಂದು ನನಗೆ ಅನ್ನಿಸಿಲ್ಲ. ರಕ್ತ ಸೇರಿದಲ್ಲಿ ಶುಚಿತ್ವ ಎಷ್ಟು ಮುಖ್ಯವೆಂಬುದಕ್ಕೆ ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಪ್ರಕರಣ ಸಾಕು. 2018ರಲ್ಲಿ ಮುಚ್ಚಿಸಲಾದ ಅಲ್ಲಿಯ ಪರವಾನಗಿಯಿಲ್ಲದ ಸ್ಪಾ ಒಂದರಲ್ಲಿ ಇದೇ ಪಿಆರ್‌ಪಿ ಮೈಕ್ರೋನೀಡ್ಲಿಂಗ್ ಮಾಡಿಸಿಕೊಂಡ ಮಹಿಳೆಯರಿಗೆ ಎಚ್‌ಐವಿ ಸೋಂಕು ತಗುಲಿತ್ತೆಂದು ಆ ದೇಶದ ರೋಗ ನಿಯಂತ್ರಣ ಕೇಂದ್ರ 2024ರಲ್ಲಿ ಪ್ರಕಟಿಸಿತು.

ಮನೆಯ ರೋಲರ್ ಬೇಡ. ಕಾಲು ಮಿಲಿಮೀಟರಿನ ಮುಳ್ಳುಗಳು ಗುಳಿಯ ತಳವನ್ನು ತಲುಪುವುದಿಲ್ಲ; ತಲುಪುವಷ್ಟು ಉದ್ದದವನ್ನು ಮರಗಟ್ಟಿಸದೆ, ಕ್ರಿಮಿಶುದ್ಧಿಯಿಲ್ಲದೆ, ಕನ್ನಡಿ ನೋಡಿಕೊಂಡು ಸ್ವಂತ ಮುಖದ ಮೇಲೆ ಓಡಿಸುವುದು ಅಪಾಯ. ಕೆಲವು ಸಲ ಬಳಸಿದ ಮೇಲೆ ಮೊಂಡಾಗಿ ಬಾಗಿದ ಮುಳ್ಳು ಚುಚ್ಚುವುದಿಲ್ಲ, ಚರ್ಮವನ್ನು ಸೀಳುತ್ತದೆ.

ಕೆಲವು ವಿಷಯಗಳನ್ನು ವೈದ್ಯರು ಕೇಳದಿದ್ದರೂ ನೀವೇ ಹೇಳಬೇಕು. ಕೀವು ತುಂಬಿದ ಮೊಡವೆಗಳು ಈಗಲೂ ಏಳುತ್ತಿದ್ದರೆ ಮೊದಲು ಅವು ಹತೋಟಿಗೆ ಬರಬೇಕು. ತುಟಿಯ ಅಂಚಿನಲ್ಲಿ ಪದೇಪದೇ ಹರ್ಪಿಸ್ ಗುಳ್ಳೆಗಳು ಬರುತ್ತಿದ್ದರೆ ಮುಂಚಿತವಾಗಿ ಮಾತ್ರೆ ಬೇಕಾಗುತ್ತದೆ. ಗಾಯವಾದಲ್ಲೆಲ್ಲ ಉಬ್ಬಿ ಕೀಲಾಯ್ಡ್ ಆಗುವ ಮೈಯವರಿಗೆ, ಗರ್ಭಿಣಿಯರಿಗೆ, ಹತೋಟಿಯಿಲ್ಲದ ಮಧುಮೇಹವಿರುವವರಿಗೆ ನಾನು ಇದನ್ನು ಮಾಡುವುದಿಲ್ಲ; ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರು ಅದನ್ನು ತಾವಾಗಿ ನಿಲ್ಲಿಸದೆ ಮೊದಲೇ ತಿಳಿಸಬೇಕು. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ನುಂಗಿದವರು ಆರು ತಿಂಗಳು ಕಾಯಲೇಬೇಕೆಂಬ ಹಳೆಯ ನಿಯಮವನ್ನು ಮೈಕ್ರೋನೀಡ್ಲಿಂಗ್‌ನ ಮಟ್ಟಿಗೆ ಭಾರತದ ಚರ್ಮಶಸ್ತ್ರಚಿಕಿತ್ಸಕರ ಸಂಘದ 2017ರ ಮಾರ್ಗಸೂಚಿ ಸಡಿಲಿಸಿದೆ, ಆದರೂ ಹೇಳಿ. ಎಲ್ಲಕ್ಕಿಂತ ಮುಖ್ಯವಾಗಿ, ಔಷಧಿ ಅಂಗಡಿಯಿಂದ ಚೀಟಿಯಿಲ್ಲದೆ ತಂದು ಮುಖಕ್ಕೆ ಹಚ್ಚುತ್ತಿರುವ ಬೆಳ್ಳಗಾಗುವ ಕ್ರೀಮನ್ನು ಮುಚ್ಚಿಡಬೇಡಿ. ಅಂಥ ಅನೇಕ ಟ್ಯೂಬುಗಳಲ್ಲಿ ಸ್ಟಿರಾಯ್ಡ್ ಇರುತ್ತದೆ. 2018ರಲ್ಲಿ ಸರ್ಕಾರ ಹಲವು ಸ್ಟಿರಾಯ್ಡ್ ಕ್ರೀಮುಗಳನ್ನು ಚೀಟಿ ಕಡ್ಡಾಯವಾದ ಪಟ್ಟಿಗೆ ಸೇರಿಸಿದರೂ ಮಾರಾಟ ನಿಂತಿಲ್ಲ. ಅದರಿಂದ ತೆಳುವಾದ ಚರ್ಮದ ಮೇಲೆ ಸೂಜಿ ಹಾಯಿಸಿದರೆ ಗಾಯ ಸರಿಯಾಗಿ ಮಾಗುವುದಿಲ್ಲ.

ವೈದ್ಯರ ಆಯ್ಕೆಯಲ್ಲಿ ಹೊರಗಿನ ಫಲಕವನ್ನು ನಂಬಬೇಡಿ. ಚರ್ಮರೋಗದಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಡಿವಿಎಲ್ ಪದವಿ ಇದೆಯೇ, ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಏನು, ಸೂಜಿ ಹಿಡಿಯುವವರು ಅವರೇ ಅಥವಾ ಸಹಾಯಕರೇ ಎಂದು ಕೇಳಿ. ಖರ್ಚು ಹೆಚ್ಚೆನಿಸಿದರೆ ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಚರ್ಮರೋಗ ವಿಭಾಗದಲ್ಲಿ ವಿಚಾರಿಸಿ. ಹಲವು ಕಡೆ ಇದೇ ಚಿಕಿತ್ಸೆ ಖಾಸಗಿ ದರಕ್ಕಿಂತ ಬಹಳ ಕಡಿಮೆಗೆ ಸಿಗುತ್ತದೆ, ಸರದಿಯಲ್ಲಿ ಕಾಯುವ ತಾಳ್ಮೆ ಬೇಕಷ್ಟೆ.

ಇನ್ನು ನಿಮ್ಮ ಮದುವೆಯ ಲೆಕ್ಕ. ನಾಲ್ಕು ತಿಂಗಳಲ್ಲಿ ಎರಡು, ಹೆಚ್ಚೆಂದರೆ ಮೂರು ಸಿಟ್ಟಿಂಗ್‌ಗಳಿಗೆ ಅವಕಾಶವಿದೆ. ಸಬ್‌ಸಿಷನ್ ಬೇಕಾದರೆ ಅದನ್ನು ಮೊದಲ ಸಿಟ್ಟಿಂಗ್‌ನಲ್ಲೇ ಮುಗಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಅದರ ರಕ್ತಗಟ್ಟಿದ ಗುರುತು ಒಂದೆರಡು ವಾರ ಉಳಿಯಬಹುದು. ಮದುವೆಗೆ ಆರು ವಾರ ಇರುವಂತೆ ಸೂಜಿಯ ಕೆಲಸ ನಿಲ್ಲಿಸಿ. ಪ್ರತಿ ಸಿಟ್ಟಿಂಗ್‌ನ ನಂತರ ಎರಡು ಮೂರು ದಿನ ಮುಖ ಕೆಂಪಾಗಿರುತ್ತದೆ. ಆ ದಿನಗಳಲ್ಲಿ ಸುವಾಸನೆಯಿಲ್ಲದ ಮಾಯಿಶ್ಚರೈಸರ್, ಮರುದಿನದಿಂದ ಸನ್‌ಸ್ಕ್ರೀನ್, ಇಷ್ಟೇ ಸಾಕು. ಕಡಲೆಹಿಟ್ಟು, ನಿಂಬೆರಸ, ಪಾರ್ಲರಿನ ಬ್ಲೀಚ್, ಫೇಶಿಯಲ್ ಯಾವುದೂ ಬೇಡ. ಅರಿಶಿನ ಶಾಸ್ತ್ರವನ್ನು ತಪ್ಪಿಸಬೇಕಾಗಿಲ್ಲ. ಆರು ವಾರಗಳಲ್ಲಿ ಚರ್ಮ ಅದನ್ನು ತಾಳಿಕೊಳ್ಳುವಷ್ಟು ಮಾಗಿರುತ್ತದೆ. ನಾಲ್ಕನೆಯ ದಿನದ ನಂತರವೂ ಕೆಂಪು ಹೆಚ್ಚುತ್ತಿದ್ದರೆ, ಕೀವು ಅಥವಾ ನೀರುಗುಳ್ಳೆ ಕಂಡರೆ ಮುಂದಿನ ಸಿಟ್ಟಿಂಗ್‌ವರೆಗೆ ಕಾಯದೆ ಅಂದೇ ವೈದ್ಯರಿಗೆ ತೋರಿಸಿ. ಹಣವನ್ನು ಒಂದೊಂದು ಸಿಟ್ಟಿಂಗ್‌ಗೆ ಬೇರೆಬೇರೆಯಾಗಿ ಕಟ್ಟುತ್ತೇನೆಂದು ಹೇಳಿ, ಶುರುವಿಗೆ ಮೊದಲು ಓರೆ ಬೆಳಕಿನಲ್ಲಿ ಒಂದು ಫೋಟೊ ತೆಗೆಸಿಟ್ಟುಕೊಳ್ಳಿ. ಮದುವೆ ಕಳೆದು ಮೂರು ತಿಂಗಳಾದ ಮೇಲೆ ಅದೇ ಬೆಳಕಿನಲ್ಲಿ ಇನ್ನೊಂದು ತೆಗೆಸಿ ಎರಡನ್ನೂ ವೈದ್ಯರ ಮುಂದಿಟ್ಟರೆ, ಉಳಿದ ಸಿಟ್ಟಿಂಗ್‌ಗಳು ಬೇಕೇ ಬೇಡವೇ ಎಂಬುದನ್ನು ಆಗ ತೀರ್ಮಾನಿಸಬಹುದು.