ಅರವತ್ತೊಂದು ದಿನದ ನಿಷೇಧವಿದ್ದೂ ಮಿತಿ ಏಕೆ?

ಮಾನ್ಯರೇ,

ಕಡಲಲ್ಲಿ ಹಿಡಿಯುವ ಮೀನಿಗೆ ಮಿತಿ ಬೇಕೆಂಬ ನಮ್ಮ ಲೇಖನಕ್ಕೆ ತಾವು ಚಿತ್ರದುರ್ಗದಿಂದ ಬರೆದ ಆಕ್ಷೇಪ ತಲುಪಿದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ಹೇಗೂ ಕಡಲಿಗಿಳಿಯುವುದಿಲ್ಲ, ಒಂದೊಂದು ಮೀನೂ ಸಾವಿರ, ಲಕ್ಷಗಟ್ಟಲೆ ಮೊಟ್ಟೆಯಿಡುತ್ತದೆ, ಹಾಗಿರುವಾಗ ಟನ್ನಿನ ಲೆಕ್ಕದ ಕಟ್ಟುಪಾಡು ಬಡ ಮೀನುಗಾರರ ಮೇಲಿನ ಹೊರೆಯಷ್ಟೇ ಎಂಬುದು ತಮ್ಮ ವಾದ.

ನಿಷೇಧ ಅಗತ್ಯವೇ, ಆದರೆ ಅದು ದಿನಗಳನ್ನು ಎಣಿಸುತ್ತದೆ, ಮೀನನ್ನಲ್ಲ. ಆಗಸ್ಟಿನಲ್ಲಿ ಹೊರಡುವ ಬೋಟಿನ ಎಂಜಿನ್ ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತ, ಮೀನಿನ ಹಿಂಡನ್ನು ಹುಡುಕುವ ಉಪಕರಣ ಚುರುಕಾಗುತ್ತ ಹೋದರೆ, ಉಳಿದ ಹತ್ತು ತಿಂಗಳಲ್ಲಿ ಮೊದಲಿಗಿಂತ ಹೆಚ್ಚೇ ಬಾಚಬಹುದು. ತಮ್ಮ ಜಿಲ್ಲೆಯ ಕೊಳವೆಬಾವಿಗಳನ್ನೇ ನೋಡಿ: ಅಂತರ್ಜಲ ಇಳಿಯುತ್ತಿದ್ದರೂ ಇನ್ನೂ ಆಳಕ್ಕೆ ಕೊರೆದವನ ಪೈಪಿನಲ್ಲಿ ನೀರು ರಭಸವಾಗಿಯೇ ಬರುತ್ತದೆ, ಆ ರಭಸ ಕಂಡು ಕೊರತೆಯೇ ಇಲ್ಲವೆನಿಸುತ್ತದೆ.

ಕೆನಡಾದ ನ್ಯೂಫೌಂಡ್‌ಲೆಂಡ್‌ನಲ್ಲಿ ಕಾಡ್ ಮೀನಿಗೆ ಆದದ್ದು ಇದೇ. ಮಿತಿ ಅಲ್ಲೂ ಇತ್ತು, ಆದರೆ ಕಾಗದದ ಮೇಲೆ ಹಿಗ್ಗಿಸಿದ ಮಿತಿ. 1989ರಲ್ಲಿ ವಿಜ್ಞಾನಿಗಳು 1.25 ಲಕ್ಷ ಟನ್ ಎಂದರೆ, ಉದ್ಯೋಗದ ಒತ್ತಡಕ್ಕೆ ಮಣಿದ ಸರ್ಕಾರ 2.35 ಲಕ್ಷ ಟನ್ನಿಗೆ ಅನುಮತಿ ಕೊಟ್ಟಿತು. 1992ರ ಜುಲೈಯಲ್ಲಿ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ಸುಮಾರು ಮೂವತ್ತು ಸಾವಿರ ಜನ ಕೆಲಸ ಕಳೆದುಕೊಂಡರು. ಆ ತಡೆ ತೆರವಾದದ್ದು 2024ರಲ್ಲಿ. ಬಡವರ ಮೇಲಿನ ಹೊರೆಯೆಂದರೆ ನನಗೆ ಕಾಣುವುದು ಇದು.

ಮೊಟ್ಟೆಯ ಮಾತಿಗೆ ಬಂದರೆ, ಲಕ್ಷದಲ್ಲಿ ಬೆಳೆದು ದೊಡ್ಡದಾಗುವುದು ಬೆರಳೆಣಿಕೆಯಷ್ಟು, ಮತ್ತು ಹಿರಿಯ ಹೆಣ್ಣುಮೀನುಗಳೇ ಹೆಚ್ಚು ಮೊಟ್ಟೆ ಇಡುವಂಥವು.

ಮಿತಿಯನ್ನು ನಿಷ್ಠುರವಾಗಿ ಪಾಲಿಸಿದಲ್ಲಿ ಫಲವೂ ಕಂಡಿದೆ. ಪೂರ್ವ ಅಟ್ಲಾಂಟಿಕ್ ಮತ್ತು ಮೆಡಿಟರೇನಿಯನ್‌ನ ಬ್ಲೂಫಿನ್ ಟ್ಯೂನಾಕ್ಕೆ 2007ರಲ್ಲಿ 29,500 ಟನ್ ಇದ್ದ ಮಿತಿಯನ್ನು 2011ಕ್ಕೆ 12,900ಕ್ಕೆ ಇಳಿಸಿದರು. ಕೂಗಾಟ ಕಡಿಮೆಯಿರಲಿಲ್ಲ. ಸಂತತಿ ಚೇತರಿಸಿತು, 2023ರಲ್ಲಿ ಮಿತಿ 40,570 ಟನ್ನಿಗೇರಿತು, ಎಂದರೆ ಕಡಿತಕ್ಕೆ ಮುಂಚೆ ಇದ್ದದ್ದಕ್ಕಿಂತ ಹೆಚ್ಚು.

ನಮ್ಮ ಕಡಲಿಗೆ ಇದನ್ನು ಹಾಗೆಯೇ ತಂದು ಹಚ್ಚಲಾಗದು ಎಂಬುದನ್ನು ಒಪ್ಪುತ್ತೇನೆ. ಬೋಟು ಎಳೆದುಕೊಂಡು ಹೋಗುವ ಟ್ರಾಲ್ ಬಲೆಯೊಂದರಲ್ಲಿ ಹತ್ತಾರು ಜಾತಿಯ ಮೀನು ಒಟ್ಟಿಗೇ ಬರುವಾಗ ಪ್ರತಿ ಜಾತಿಗೂ ಲೆಕ್ಕ ಇಡುವುದು ಕಷ್ಟ. ಬೂತಾಯಿ (ಸಾರ್ಡೀನ್) ಮೀನಿನ ಏರಿಳಿತದಲ್ಲಿ ಕಡಲಿನ ಹವಾಮಾನದ ಪಾಲೂ ದೊಡ್ಡದು: ಕೇರಳದಲ್ಲಿ 2012ರಲ್ಲಿ ಸುಮಾರು ನಾಲ್ಕು ಲಕ್ಷ ಟನ್ ಸಿಕ್ಕಿದ್ದು 2021ರಲ್ಲಿ 3,297 ಟನ್ನಿಗೆ ಕುಸಿದದ್ದಕ್ಕೆ ಬಲೆಯನ್ನು ಮಾತ್ರ ದೂರುವುದು ನ್ಯಾಯವಲ್ಲ. ಹಾಗೆಂದು ಸಂತತಿ ಕುಗ್ಗಿದ ವರ್ಷವೂ ಎಂದಿನಂತೆಯೇ ಹಿಡಿಯಬಹುದೆಂದು ಅರ್ಥವಲ್ಲ. ಹವಾಮಾನ ನಮ್ಮ ಕೈಯಲ್ಲಿಲ್ಲ, ಹಿಡಿಯುವುದು ನಮ್ಮ ಕೈಯಲ್ಲಿದೆ. ಹಿಂಡಾಗಿಯೇ ಬಲೆಗೆ ಬೀಳುವ ಬೂತಾಯಿ, ಬಂಗುಡೆಗಳಿಂದ, ಮಲ್ಪೆ, ಮಂಗಳೂರಿನಂಥ ದೊಡ್ಡ ಬಂದರುಗಳ ತೂಕದ ಲೆಕ್ಕವನ್ನೇ ಆಧರಿಸಿ ಮಿತಿಯನ್ನು ಆರಂಭಿಸಬಹುದು. ದೊಡ್ಡ ಬೋಟುಗಳಿಗೆ ಮೊದಲ ಕಡಿತ, ನಾಡದೋಣಿಗಳಿಗೆ ಕಾದಿಟ್ಟ ಪಾಲು ಎಂಬುದು ಅದರ ಮೊದಲ ಷರತ್ತಾಗಿರಬೇಕು. ತಮ್ಮ ಆತಂಕಕ್ಕೆ ಉತ್ತರ ಮಿತಿಯನ್ನು ಕೈಬಿಡುವುದರಲ್ಲಿಲ್ಲ, ಹಂಚಿಕೆಯಲ್ಲಿದೆ. ಆರಂಭದ ಕೆಲವು ವರ್ಷ ಚಿತ್ರದುರ್ಗದ ಮಾರುಕಟ್ಟೆಗೆ ಬರುವ ಬಂಗುಡೆಯ ಬೆಲೆ ಏರುವುದಂತೂ ಖಂಡಿತ.

- ಸಂಪಾದಕ